ಬೀಜದ ಭರಣಿ

ಕೊರಿಯಾ ದೇಶದ ದಕ್ಷಿಣಕ್ಕೆ, ನದಿಯೊಂದು ಬೆಟ್ಟವನ್ನು ಬಳಸಿ ಹರಿಯುವ ಕಡೆ, ಮಲ್ಸುನ್ ಎಂಬ ಅಜ್ಜಿ ಇದ್ದಳು. ಸೋಯಾ ಕಾಳು ಬೇಯಿಸಿ, ಕುಟ್ಟಿ, ಹುದುಗು ಬರಿಸಿ, ಉಪ್ಪುನೀರಿನಲ್ಲಿ ನೆನೆಹಾಕಿ ಕಪ್ಪು ರಸ ತೆಗೆಯುವುದು ಅವಳ ಕಸುಬು. ಅದಕ್ಕೆ ಅಲ್ಲಿ ಕಾನ್‌ಜಾಂಗ್ ಎಂದು ಹೆಸರು. ಅದಿಲ್ಲದೆ ಅಲ್ಲಿಯವರಿಗೆ ಅಡುಗೆಯಿಲ್ಲ.

ಅವಳ ಅಂಗಳದ ತುಂಬ ಮಣ್ಣಿನ ಗುಡಾಣಗಳು. ಕೆಲವು ಎದೆಯೆತ್ತರ, ಕೆಲವು ಮೊಣಕಾಲೆತ್ತರ. ಬಿಸಿಲು ಬಂದರೆ ಮುಚ್ಚಳ ತೆಗೆಯಬೇಕು, ಮೋಡ ಕಂಡರೆ ಮುಚ್ಚಬೇಕು.

ಎಷ್ಟೋ ವರ್ಷಗಳಿಂದ ಆ ಅಂಗಳಕ್ಕೆ ಯಾರನ್ನೂ ಬಿಟ್ಟುಕೊಳ್ಳದಿದ್ದ ಅಜ್ಜಿ, ಆ ವರ್ಷ ಮಾತ್ರ ಯಾರಾದರೂ ಸಹಾಯಕ್ಕೆ ಬರಲಿ ಎಂದು ಹೊರದೇಶದವರಿಗೂ ಹೇಳಿಕಳಿಸಿದಳು. ಒಂದು ವರ್ಷದ ಕೆಲಸ, ಸಂಬಳವಿಲ್ಲ. ದುಡಿದರೆ ಊಟ, ಮಲಗಲು ಜಾಗ, ಕಲಿಯುವಷ್ಟು ಕಲಿಯಬಹುದು.

ಹಾಗೆ ಬಂದವಳು ಗದಗದ ಕಡೆಯ ನೀಲಗಂಗಾ. ನಡುವಯಸ್ಸಿನವಳು. ಆಸ್ಪತ್ರೆಯಲ್ಲಿ ಬಹಳ ವರ್ಷ ನರ್ಸ್ ಆಗಿದ್ದು ಬಿಟ್ಟವಳು. ಕೊರಿಯಾದ ಧಾರಾವಾಹಿಗಳನ್ನು ನೋಡುತ್ತ ನೋಡುತ್ತ ಅಲ್ಲಿಯ ಭಾಷೆ ಅವಳ ನಾಲಿಗೆಗೆ ಹತ್ತಿತ್ತು.

ಬಂದ ದಿನ ಅಜ್ಜಿ ಕೇಳಿದಳು, "ಆಸ್ಪತ್ರೆ ಬಿಟ್ಟು ಇಲ್ಲಿಗೆ ಯಾಕೆ ಬಂದೆ?"

"ಅಲ್ಲಿ ದಿನ ಹೋದಷ್ಟೂ ಎಲ್ಲ ಕೆಡೋದನ್ನೇ ನೋಡಿದೆ ಅಜ್ಜಿ. ಇಟ್ಟಷ್ಟೂ ಒಳ್ಳೇದಾಗೋ ವಸ್ತುವಿನ ಹತ್ತಿರ ಸ್ವಲ್ಪ ಕಾಲ ಇರಬೇಕು ಅನ್ನಿಸಿತು."

"ಇಟ್ಟಷ್ಟೂ ಒಳ್ಳೇದಾಗುತ್ತೆ ಅಂತ ಯಾರು ಹೇಳಿದರು?"

ನೀಲಗಂಗಾ ಹೆಗಲ ಚೀಲವನ್ನು ಕೆಳಗಿಟ್ಟಳು.

"ಇರಲಿ. ಒಂದು ಮೆಜು ತಗೊಂಡು ಬಾ."

ಅವಳು ಒಳಗೆ ಹೋಗಿ ಊಟದ ಗಿಡ್ಡ ಮೇಜನ್ನು ಎತ್ತಿಕೊಂಡು ಬಂದಳು.

ಅಜ್ಜಿ ಮೇಜನ್ನು ನೋಡಿದಳು. ಅವಳನ್ನು ನೋಡಿದಳು. ಎದ್ದು ಹೋಗಿ, ಸೂರಿಗೆ ಹುಲ್ಲಿನ ಹಗ್ಗದಲ್ಲಿ ತೂಗುಬಿಟ್ಟಿದ್ದ ಸೋಯಾ ಮುದ್ದೆಯೊಂದನ್ನು ಬಿಚ್ಚಿ ತಂದಳು. ಇಟ್ಟಿಗೆಯ ಹಾಗೆ ಒಣಗಿ ಬಿರುಕು ಬಿಟ್ಟಿತ್ತು. ಅದನ್ನು ಮೇಜಿನ ನಡುವೆ ಇಟ್ಟಳು.

"ಇದು ಮೆಜು."

"ನಮ್ಮ ಭಾಷೆಯಲ್ಲಿ ಅದು…"

"ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು. ಬೇಡದ್ದನ್ನ ಹೊತ್ತು ತರೋ ಕಷ್ಟ ತಪ್ಪುತ್ತೆ."

ಚಳಿಗಾಲ ಬಂತು. ಕಾಳು ಬೇಯಿಸುವುದು, ಒನಕೆಯಲ್ಲಿ ಕುಟ್ಟುವುದು, ಮುದ್ದೆ ಕಟ್ಟುವುದು, ತೂಗುಹಾಕುವುದು. ನೀಲಗಂಗಾಳ ಕೈ ಬೊಕ್ಕೆ ಎದ್ದು, ಒಡೆದು, ಗಟ್ಟಿಯಾಯಿತು.

ಪ್ರತಿದಿನ ಬೆಳಿಗ್ಗೆ ಅಜ್ಜಿ ಯಾವುದಾದರೊಂದು ಹಳೆಯ ಗುಡಾಣದ ಮುಚ್ಚಳ ತೆಗೆದು, ಮರದ ಚಮಚ ಅದ್ದಿ ಅವಳ ಬಾಯಿಗೆ ಹಿಡಿಯುತ್ತಿದ್ದಳು.

"ಏನಿದೆ?"

"ಚೆನ್ನಾಗಿದೆ ಅಜ್ಜಿ."

ಅಜ್ಜಿ ಚಮಚದಲ್ಲಿ ಉಳಿದದ್ದನ್ನು ನೆಲಕ್ಕೆ ಕೊಡವಿದಳು. "ಹೇಗಿದೆ ಅಂತ ಕೇಳಲಿಲ್ಲ. ಏನಿದೆ ಅಂತ ಕೇಳಿದೆ."

"ಉಪ್ಪಿದೆ."

"ಆಮೇಲೆ?"

"ಒಂಚೂರು ಕಹಿ."

"ಅದರ ಹಿಂದೆ?"

"ಗೊತ್ತಾಗ್ತಿಲ್ಲ."

"ಇವತ್ತಿಗೆ ಸಾಕು. ಕಾಳು ಆರಿಸು ಹೋಗು."

ದಿನ ಹೋದ ಹಾಗೆ ನೀಲಗಂಗಾಳ ನಾಲಿಗೆ ಬಿಚ್ಚಿಕೊಂಡಿತು. ಒಂದು ಗುಡಾಣದಲ್ಲಿ ತಳ ಹಿಡಿದ ಬೆಲ್ಲದ ವಾಸನೆ. ಇನ್ನೊಂದರಲ್ಲಿ ಮಳೆ ಬಿದ್ದ ಬಂಡೆ. ಮತ್ತೊಂದರಲ್ಲಿ ಹುರಿದ ಎಳ್ಳು, ಅದು ಹೋದ ಮೇಲೆ ತುಸು ಹೊಗೆ. ಅವಳು ಒಂದೊಂದನ್ನೇ ಹೇಳುತ್ತಿದ್ದರೆ ಅಜ್ಜಿ ಕಣ್ಣು ಮುಚ್ಚಿ ಕೂತು ಕೇಳುತ್ತಿದ್ದಳು, ಬಿಟ್ಟುಬಂದ ಊರಿನ ಸುದ್ದಿ ಕೇಳುವವರ ಹಾಗೆ.

ಅಜ್ಜಿ ಮಾತ್ರ ಚಮಚ ಬಾಯಿಗಿಡುತ್ತಿರಲಿಲ್ಲ. ಕಲಿಸುವವರ ರೀತಿ ಇದಿರಬಹುದು ಎಂದು ನೀಲಗಂಗಾ ಅಂದುಕೊಂಡಳು.

ಗೋಡೆಯ ಪಕ್ಕ, ಸೂರಿನ ಕೆಳಗೆ, ಹುಲ್ಲಿನ ಹಗ್ಗ ಸುತ್ತಿದ ಒಂದು ಸಣ್ಣ ಕರೀ ಭರಣಿ ಬೇರೆಯಾಗಿ ನಿಂತಿತ್ತು.

"ಅದರಲ್ಲೇನಿದೆ ಅಜ್ಜಿ?"

"ಬೀಜ."

ಅದು ಬಹಳ ಹಳೆಯ ರಸ. ಅಜ್ಜಿಗೆ ಅವಳ ಅತ್ತೆಯಿಂದ, ಅತ್ತೆಗೆ ಅವಳ ಅತ್ತೆಯಿಂದ ಬಂದದ್ದು. ವರ್ಷಕ್ಕೊಮ್ಮೆ ಹೊಸ ರಸವನ್ನು ಅದಕ್ಕೆ ಸೇರಿಸುತ್ತಾರೆ. ಒಳಗಿನ ಹಳೆಯದು ಹೊಸದನ್ನು ತನ್ನ ಹಾಗೆ ಮಾಡಿಕೊಳ್ಳುತ್ತದೆ; ಬೇರೆ ಗುಡಾಣಗಳಿಗೆ ಅದನ್ನು ಹಾಕುವುದಿಲ್ಲ. ನಮ್ಮಲ್ಲಿ ಮೊಸರಿಗೆ ಹೆಪ್ಪು ಉಳಿಸಿಕೊಂಡ ಹಾಗೆ. ಯಾವ ಕಾಲದಲ್ಲಿ ಶುರುವಾಯಿತೋ ಅಜ್ಜಿಗೂ ತಿಳಿಯದು.

"ಯುದ್ಧ ಬಂದಾಗ ನಮ್ಮತ್ತೆ ಮಗುವನ್ನ ಬೆನ್ನಿಗೆ ಕಟ್ಟಿಕೊಂಡು, ಇದನ್ನ ತಲೆ ಮೇಲೆ ಹೊತ್ತುಕೊಂಡು ಬೆಟ್ಟ ಹತ್ತಿದಳು. ಅಕ್ಕಿ ಬಿಟ್ಟು ಹೋದಳು. ಇದನ್ನ ಬಿಡಲಿಲ್ಲ."

ಅಲ್ಲಿ ಬೇಸಿಗೆ ಕಳೆದ ಮೇಲೆ ಬರುವ ಸುಗ್ಗಿ ಹಬ್ಬದ ಮುಂಚೆ ಊರಿನ ಪ್ರತಿ ಮನೆಗೂ ಈ ಭರಣಿಯಿಂದ ಒಂದು ಬಟ್ಟಲು ರಸ ಹೋಗಬೇಕು. ಆ ರಸ ಬಿದ್ದ ಅಡುಗೆಯನ್ನೇ ಹಿರಿಯರ ಎಡೆಗೆ ಇಡುವುದು.

"ಪಕ್ಕದ ಮನೆ ಒಕ್‌ಬುನ್‌ಗೂ ಕೊಡ್ತೀರಾ?" ನೀಲಗಂಗಾ ಕೇಳಿದಳು. ಒಕ್‌ಬುನ್ ಅಜ್ಜಿಯ ಓರಗೆಯವಳು. ಬೇಲಿಯ ಮೇಲಿನ ಒಂದು ಮರಕ್ಕಾಗಿ ಹರೆಯದಲ್ಲಿ ಶುರುವಾದ ಜಗಳ. ಇಬ್ಬರಿಗೂ ಹಲ್ಲು ಉದುರಿದರೂ ಮಾತು ಕೂಡಿರಲಿಲ್ಲ.

"ಅವಳಿಗೆ ಕೊಡೋದಲ್ಲ. ಅವಳ ಸತ್ತ ಅತ್ತೆ ಮಾವನಿಗೆ ಕೊಡೋದು."

ಚಳಿಗಾಲದ ಕೊನೆಗೆ ಉಪ್ಪುನೀರು ಕದಡುವ ಕೆಲಸ ಬಂತು. ಅಜ್ಜಿ ಎಂದೂ ಉಪ್ಪನ್ನು ತೂಗಿದವಳಲ್ಲ. ನೀರಿಗೆ ಉಪ್ಪು ಸುರಿಯುವಳು, ಕದಡುವಳು, ಬೆರಳದ್ದಿ ನೆಕ್ಕುವಳು. ಸಾಕು ಅಂದರೆ ಸಾಕು.

ಈ ಸಲ ಉಪ್ಪಿನ ಮೂಟೆ ಅಳೆದು ಸುರಿದಳು. ದೊಡ್ಡ ಗುಡಾಣಗಳೆಲ್ಲ ತುಂಬಿದವು. ಕೊನೆಗೆ ಗೋಡೆಯ ಕಡೆಯ ಒಂದು ಗುಡಾಣ ಉಳಿಯಿತು. ಬೀಜದ ಭರಣಿಗೆ ಸೇರಿಸುವ ರಸಕ್ಕೆ ಮೀಸಲಾದದ್ದು ಅದೇ. ಕೊನೆಯ ಮೂಟೆಯಲ್ಲಿ ಅಳತೆಗೆ ಸಿಗದ ಅರೆಬರೆ ಉಪ್ಪಿತ್ತು.

ಅಜ್ಜಿ ಅದನ್ನು ಸುರಿದು ಕದಡಿದಳು. ನೀಲಗಂಗಾಳಿಗೆ ಚಮಚ ಕೊಟ್ಟಳು.

"ಉಪ್ಪು ಸಾಕಾ?"

ಎಷ್ಟಿದ್ದರೆ ಸಾಕು ಎಂಬುದು ನೀಲಗಂಗಾಳಿಗೆ ತಿಳಿಯದು. ಉಪ್ಪಂತೂ ಇತ್ತು. ಅಜ್ಜಿ ಬೆಳಗಿನಿಂದ ನಿಂತೇ ಇದ್ದಳು, ಸೊಂಟ ಹಿಡಿದುಕೊಂಡಿದ್ದಳು.

"ಸಾಕು ಅಜ್ಜಿ. ಸರಿಯಾಗಿದೆ."

ಅಜ್ಜಿ ಅವಳ ಮುಖವನ್ನು ಒಂದು ಗಳಿಗೆ ನೋಡಿ, ಮುದ್ದೆಗಳನ್ನು ನೀರಿಗೆ ಇಳಿಬಿಟ್ಟಳು.

ಕೆಲವು ದಿನಗಳಾದ ಮೇಲೆ ನೀಲಗಂಗಾ ಸಾರು ಮಾಡಿದಳು. ಮರೆತು ಎರಡು ಸಲ ಉಪ್ಪು ಹಾಕಿದ್ದಳು. ಮೊದಲ ಗುಟುಕಿಗೇ ಗಂಟಲು ಕಟ್ಟಿತು. ಚೆಲ್ಲೋಣ ಎಂದು ತಲೆಯೆತ್ತಿದರೆ ಅಜ್ಜಿ ಬಟ್ಟಲು ಖಾಲಿ ಮಾಡಿ ಬಾಯಿ ಒರೆಸಿಕೊಳ್ಳುತ್ತಿದ್ದಳು.

ನೀಲಗಂಗಾ ಹಿಂದಿನದನ್ನೆಲ್ಲ ಕೂಡಿಸಿ ನೋಡಿದಳು.

ಹಿಂದೊಮ್ಮೆ ಅನ್ನ ಸೀದು ಮನೆಯೆಲ್ಲ ಹೊಗೆಯಾದ ದಿನ ಅಜ್ಜಿ ಒಲೆಯ ಪಕ್ಕವೇ ಕೂತಿದ್ದಳು, ಎದ್ದಿರಲಿಲ್ಲ. ನೀಲಗಂಗಾ ಬರುವ ಮುಂಚೆ ಅಜ್ಜಿ ಜ್ವರ ಬಂದು ಬಹಳ ದಿನ ಮಲಗಿದ್ದಳೆಂದು ಊರಲ್ಲಿ ಯಾರೋ ಹೇಳಿದ್ದರು. ಜ್ವರದಲ್ಲಿ ಮೂಗು, ನಾಲಿಗೆ ಎರಡೂ ಹೋದವರನ್ನು ನೀಲಗಂಗಾ ಆಸ್ಪತ್ರೆಯಲ್ಲಿ ಬೇಕಾದಷ್ಟು ನೋಡಿದ್ದಳು.

ಪಾಪ, ಯಾರಿಗೂ ಗೊತ್ತಾಗಬಾರದೆಂದು ಮುಚ್ಚಿಟ್ಟುಕೊಂಡಿದ್ದಾಳೆ ಎಂದುಕೊಂಡಳು. ರುಚಿಯಿಂದಲೇ ಬದುಕಿದವಳು. ನನಗೆ ಗೊತ್ತಾಗಿದೆ ಎಂದು ತಿಳಿದರೆ ಮುಖ ಎಲ್ಲಿಟ್ಟುಕೊಳ್ಳುತ್ತಾಳೆ?

"ಸಾರು ಹೇಗಿದೆ ಅಜ್ಜಿ?"

"ಬಿಸಿಯಾಗಿದೆ," ಅಂದಳು ಅಜ್ಜಿ.

ಆಗ ಅವಳಿಗೆ ಗೋಡೆಯ ಕಡೆಯ ಗುಡಾಣ ನೆನಪಾಯಿತು. ಅಜ್ಜಿ ಹೊಳೆಯ ಕಡೆ ಹೋದ ಹೊತ್ತು ನೋಡಿ ಅದರ ನೀರು ನೆಕ್ಕಿ ನೋಡಿದಳು. ಬೇರೆ ಗುಡಾಣಗಳದ್ದೂ ನೋಡಿದಳು. ಇದು ತೆಳು. ಈಗ ಅವಳ ನಾಲಿಗೆಗೆ ವ್ಯತ್ಯಾಸ ಗೊತ್ತಾಗುತ್ತಿತ್ತು.

ಹೇಳಬೇಕು ಅಂದುಕೊಂಡಳು. ಹೇಳಿದರೆ ಅಜ್ಜಿಯ ನಾಲಿಗೆಯ ವಿಷಯವೂ ಸೇರಿ ಎಲ್ಲ ಹೇಳಬೇಕಾಗುತ್ತಿತ್ತು.

ಅಡುಗೆಮನೆಯಿಂದ ಒಂದು ಬೊಗಸೆ ಉಪ್ಪು ತಂದು ಗುಡಾಣಕ್ಕೆ ಹಾಕಿದಳು. ಎಷ್ಟು ಹಾಕಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಕೇಳುವ ಹಾಗೂ ಇರಲಿಲ್ಲ.

ವಸಂತ ಬಂತು. ರಸವನ್ನೂ ಮುದ್ದೆಯನ್ನೂ ಬೇರೆ ಮಾಡುವ ದಿನ. ಅಜ್ಜಿ ತಲೆಗೆ ನೀರು ಹಾಕಿಕೊಂಡು, ಮಡಿಸಿಟ್ಟಿದ್ದ ಬಿಳಿ ಅಂಗಿ ಹಾಕಿಕೊಂಡಳು.

"ಈ ಸಲ ನನ್ನ ಕೈಯಿಂದ ಆಗುತ್ತೋ ಇಲ್ಲವೋ ಅಂದುಕೊಂಡಿದ್ದೆ," ಅಂದಳು. ಅಜ್ಜಿ ಅಷ್ಟು ಮಾತಾಡಿದ್ದೇ ಅಪರೂಪ.

ದೊಡ್ಡ ಗುಡಾಣಗಳ ಹೊಸ ರಸ ಇನ್ನೂ ಕಪ್ಪಾಗದೆ ಕೆಂಪಗೆ, ಘಮಘಮಿಸುತ್ತ ಇಳಿಯಿತು. ನೀಲಗಂಗಾ ಒಂದೊಂದರ ರುಚಿಯನ್ನೂ ಹೇಳಿದಳು. ಅಜ್ಜಿ ತಲೆಯಾಡಿಸಿದಳು.

ಕೊನೆಗೆ ಗೋಡೆಯ ಕಡೆಯದು. ಅಜ್ಜಿ ಬೀಜದ ಭರಣಿಯ ಮುಚ್ಚಳ ತೆಗೆದು ಪಕ್ಕಕ್ಕಿಟ್ಟಳು. ಹೊಸ ರಸ ತುಂಬಿದ ತಂಬಿಗೆಯನ್ನು ಕೈಯಲ್ಲಿ ಹಿಡಿದಳು. ಚಮಚವನ್ನು ನೀಲಗಂಗಾಳಿಗೆ ಕೊಟ್ಟಳು.

"ಏನಿದೆ?"

ಉಪ್ಪಿತ್ತು. ಕಾಳಿನ ಸಿಹಿ ಇತ್ತು. ಅದರ ಹಿಂದೆ, ನಾಲಿಗೆಯ ಬದಿಯಲ್ಲಿ, ಹುಳಿ. ತೆಳುವಾದ ಹುಳಿ, ಹಳಸುವುದಕ್ಕೆ ಶುರುವಾದ ಗಂಜಿಯ ಹಾಗೆ.

ತನ್ನನ್ನೇ ನೋಡುತ್ತಿದ್ದ ಅಜ್ಜಿಯ ಆ ಮುಖವನ್ನು ಅವಳು ಬಲ್ಲಳು. ಹಾಸಿಗೆಯಲ್ಲಿ ಮಲಗಿ, 'ಸಿಸ್ಟರ್, ಇವತ್ತು ಪರವಾಗಿಲ್ಲ ಅಲ್ವಾ' ಎಂದು ಕೇಳುವವರ ಮುಖ. ಎಷ್ಟು ಜನರಿಗೆ 'ಪರವಾಗಿಲ್ಲ, ನಾಳೆ ಇನ್ನೂ ಚೆನ್ನಾಗಿರ್ತೀರಿ' ಅಂದಿದ್ದಳೋ! ಎಷ್ಟು ಜನರ ಹಣೆ ಸವರಿದ್ದಳೋ!

ಇಷ್ಟು ಹಳೆಯ ರಸ, ಇಷ್ಟು ಮಂದವಾದದ್ದು, ಒಂದು ತಂಬಿಗೆ ಹುಳಿಯನ್ನು ನುಂಗಿಕೊಳ್ಳುವುದಿಲ್ಲವೇ ಎಂದು ತನಗೆ ತಾನೇ ಹೇಳಿಕೊಂಡಳು.

"ಎಲ್ಲ ಇದೆ ಅಜ್ಜಿ. ಏನೂ ತೊಂದರೆಯಿಲ್ಲ."

"ಸುರಿಯಲಾ?"

ನದಿಯ ಕಡೆಯಿಂದ ಗಾಳಿ ಬಂತು. ಅಜ್ಜಿಯ ಬಿಳಿ ಅಂಗಿಯ ತೋಳು ಅಲ್ಲಾಡಿತು.

"ಸುರೀರಿ."

ಅಜ್ಜಿ ಸುರಿದಳು.

ಬೇಸಿಗೆ ಕಳೆಯಿತು. ನೀಲಗಂಗಾ ಆ ಭರಣಿಯ ಹತ್ತಿರ ಹೋಗುವುದನ್ನೇ ಬಿಟ್ಟಳು. ಮುಚ್ಚಳ ತೆಗೆಯುವ ಸರದಿ ಬಂದರೆ ಮೂಗು ಬಿಗಿಹಿಡಿದು ತೆಗೆದು, ಹಿಂದೆ ಸರಿಯುವಳು. ರುಚಿ ನೋಡು ಎಂದು ಅಜ್ಜಿಯೂ ಹೇಳಲಿಲ್ಲ. ಬೀಜವನ್ನು ಹಬ್ಬದವರೆಗೆ ಮುಟ್ಟಬಾರದು ಎಂಬುದು ಆ ಮನೆಯ ಕಟ್ಟಳೆ.

ಹಬ್ಬ ಹತ್ತಿರ ಬಂತು. ಬಟ್ಟಲು ಹಿಡಿದು ಮೊದಲು ಬಂದವಳು ಒಕ್‌ಬುನ್. ಮಾತಿಲ್ಲ, ಕತೆಯಿಲ್ಲ. ಬಟ್ಟಲನ್ನು ಚಾಚಿ ನಿಂತಳು. ಅಜ್ಜಿ ಸೌಟಿನಲ್ಲಿ ರಸ ಹಾಕಿದಳು.

ಒಕ್‌ಬುನ್ ಬಟ್ಟಲನ್ನು ಮೂಗಿನ ಹತ್ತಿರ ತಂದಳು. ಬೆರಳು ಅದ್ದಿ ನಾಲಿಗೆಗೆ ಇಟ್ಟಳು. ಉಗುಳಿದಳು.

"ಇದನ್ನ ಸತ್ತವರಿಗೆ ಇಡಲಾ? ಹುಳಿತು ಹೋಗಿದೆ. ನಾರ್ತಿದೆ. ನಿನ್ನ ಮೂಗು ಸತ್ತಿದೆಯಾ?"

"ಹೌದು," ಅಂದಳು ಅಜ್ಜಿ. "ಹೋದ ವರ್ಷದ ಜ್ವರದಲ್ಲೇ ಸತ್ತುಹೋಯಿತು. ನಾಲಿಗೆಯೂ."

ನೀಲಗಂಗಾಳ ಕೈಯಲ್ಲಿದ್ದ ಮುಚ್ಚಳ ಜಾರಿ ಕಲ್ಲಿನ ಮೇಲೆ ಬಿತ್ತು. ತಾನು ಇಷ್ಟು ತಿಂಗಳು ಕಾಯ್ದುಕೊಂಡು ಬಂದ ಗುಟ್ಟನ್ನು ಅಜ್ಜಿ ಹೀಗೆ, ಹವಾ ಹೇಗಿದೆ ಎಂದು ಹೇಳಿದ ಹಾಗೆ ಹೇಳಿಬಿಟ್ಟಿದ್ದಳು.

ಅಜ್ಜಿ ಚಮಚ ಅದ್ದಿ ಅವಳ ಬಾಯಿಗೆ ಹಿಡಿದಳು.

"ಏನಿದೆ?"

ನೀಲಗಂಗಾ ನುಂಗಿದಳು. ಕಣ್ಣಲ್ಲಿ ನೀರು ಬಂತು. "ಹುಳಿ. ಕೊಳೆತ ಎಲೆ. ನಿಂತ ನೀರು."

"ವಸಂತದಲ್ಲಿ?"

"ಆಗ… ಸ್ವಲ್ಪ ಹುಳಿ ಇತ್ತು."

"ಗೊತ್ತಾಗಿತ್ತಾ?"

"ಗೊತ್ತಾಗಿತ್ತು."

ಒಕ್‌ಬುನ್ ಬಟ್ಟಲನ್ನು ಕೆಳಗಿಟ್ಟು ಅಲ್ಲೇ ಕುಸಿದು ಕೂತಳು. "ನನ್ನ ಮದುವೆ ಊಟಕ್ಕೆ ಈ ಭರಣಿಯಿಂದ ತಂದಿದ್ದರು," ಅಂದಳು, ಯಾರಿಗೂ ಅಲ್ಲದ ಹಾಗೆ. ಆಮೇಲೆ ನೀಲಗಂಗಾಳ ಕಡೆ ಕೈ ತೋರಿಸಿ, "ಕೂಲಿಗೆ ಬಂದವಳಾಗಿದ್ದರೆ ಇವತ್ತೇ ಓಡಿಸಬಹುದಿತ್ತು. ಪುಕ್ಕಟೆ ಬಂದವಳನ್ನ ಏನು ಮಾಡ್ತೀಯ ನೀನು?"

ಅಜ್ಜಿ ಬಿದ್ದ ಮುಚ್ಚಳವನ್ನು ಎತ್ತಿ ಪಕ್ಕಕ್ಕಿಟ್ಟಳು.

ನೀಲಗಂಗಾ ಒಂದು ಬಟ್ಟಲು ತಗೊಂಡು ಊರೊಳಗೆ ಓಡಿದಳು. ಮನೆ ಮನೆಗೂ ಹೋದಳು. ಹೋದ ವರ್ಷದ ಹಬ್ಬದ ರಸ ಒಂದು ಹನಿಯಾದರೂ ಉಳಿದಿದೆಯೇ ಎಂದು ಕೇಳಿದಳು. ಒಂದು ಹನಿ ಸಿಕ್ಕರೂ ಹೆಪ್ಪಾದೀತು.

"ಅದು ಉಳಿಸೋದಲ್ಲ, ಹಬ್ಬದ ದಿನವೇ ತೀರಿಸೋದು," ಅಂದರು ಒಂದು ಮನೆಯಲ್ಲಿ.

"ಪ್ರತಿ ವರ್ಷ ಮಲ್ಸುನ್ ಕೊಡ್ತಾಳಲ್ಲ, ಯಾಕೆ ಇಟ್ಟುಕೊಳ್ಳೋಣ?" ಅಂದರು ಇನ್ನೊಂದು ಮನೆಯಲ್ಲಿ.

ಕೊನೆಯ ಮನೆಯವಳು ಕನಿಕರಪಟ್ಟು, ಅಂಗಡಿಯಿಂದ ತಂದ ಪ್ಲಾಸ್ಟಿಕ್ ಬಾಟಲಿಯಿಂದ ಅವಳ ಬಟ್ಟಲಿಗೆ ಸ್ವಲ್ಪ ಹಾಕಿದಳು. ನೀಲಗಂಗಾ ಅದನ್ನು ದಾರಿಯಲ್ಲಿ ಚೆಲ್ಲಿದಳು.

ಬರಿ ಬಟ್ಟಲು ಹಿಡಿದು ಬಂದವಳನ್ನು ಅಜ್ಜಿ ನೋಡಿದಳು.

"ಹಿಂದೆ ಗುಂಡಿ ತೋಡಿದ್ದೇನೆ. ತಗೊಂಡು ಹೋಗಿ ಸುರಿ."

"ನಾನಾ ಅಜ್ಜಿ?"

"ನನಗೆ ಭಾರ ಎತ್ತೋಕಾಗಲ್ಲ."

ನೀಲಗಂಗಾ ಭರಣಿಯನ್ನು ಎದೆಗೆ ಆನಿಸಿಕೊಂಡು ಹೋಗಿ ಬಗ್ಗಿಸಿದಳು. ಕಪ್ಪು ರಸ ಗುಳುಗುಳು ಎಂದು ಮಣ್ಣಿಗೆ ಇಳಿಯಿತು. ತಳದಲ್ಲಿ ಕಲ್ಲುಸಕ್ಕರೆಯಂಥ ಉಪ್ಪಿನ ಹರಳುಗಳಿದ್ದವು, ಕಪ್ಪಗೆ. ಅವೂ ಬಿದ್ದವು. ಒಕ್‌ಬುನ್ ಬೇಲಿಯ ಆಚೆ ನಿಂತು ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಳು. ಅಜ್ಜಿ ಅಳಲಿಲ್ಲ.

"ನಿಮಗೆ ನೋವಾಗಬಾರದು ಅಂತ ಹೇಳಲಿಲ್ಲ ಅಜ್ಜಿ."

"ಯಾರಿಗೆ?"

"ನಿಮಗೆ."

ಅಜ್ಜಿ ಮತ್ತೆ ಕೇಳಿದಳು, "ಯಾರಿಗೆ?"

ನೀಲಗಂಗಾ ಖಾಲಿ ಭರಣಿಯನ್ನು ಕೆಳಗಿಟ್ಟಳು.

ಅವಳಿಗೆ ಸಿಟ್ಟು ಬಂತು. ಅಳು ಬಂದವರಿಗೆ ಬರುವಂಥ ಸಿಟ್ಟು. "ನಾಲಿಗೆ ಹೋಗಿದೆ ಅಂತ ಮೊದಲೇ ಹೇಳಬಹುದಿತ್ತಲ್ಲ? ನಿಮ್ಮ ನಾಲಿಗೆಯ ಕೆಲಸ ನಾನು ಮಾಡಬೇಕು ಅಂತ ಒಂದು ಮಾತು ಹೇಳಿದ್ದರೆ?"

"ಹೇಳಿದ್ದರೆ ನೀನು ಇನ್ನೂ ಹೆಚ್ಚು ಮರುಗುತ್ತಿದ್ದೆ. ಇನ್ನೂ ಹೆಚ್ಚು ಸುಳ್ಳು ಹೇಳುತ್ತಿದ್ದೆ."

"ಮತ್ತೆ ನನ್ನನ್ನೇ ಯಾಕೆ ಕರೆಸಿಕೊಂಡಿರಿ? ಊರಲ್ಲಿ ಇಷ್ಟು ಜನ ಇದ್ದರಲ್ಲ."

"ಊರವರು ನನ್ನ ಮುಖ ನೋಡಿ ಮಾತಾಡ್ತಾರೆ. ಸಮುದ್ರ ದಾಟಿ ಬಂದವಳು ಚಮಚ ನೋಡಿ ಮಾತಾಡ್ತಾಳೆ ಅಂದುಕೊಂಡೆ." ಅಜ್ಜಿ ಖಾಲಿ ಭರಣಿಯೊಳಗೆ ಕೈಯಿಟ್ಟು ತಡವಿದಳು. "ಇಡೀ ಚಳಿಗಾಲ ನೀನು ಹಾಗೇ ಮಾತಾಡಿದೆ. ನಿನ್ನ ಬಾಯಿಯಿಂದ ನನಗೆ ಎಳ್ಳಿನ ವಾಸನೆ ಬರುತ್ತಿತ್ತು. ನಾನು ನಂಬಿಬಿಟ್ಟೆ."

ನೀಲಗಂಗಾ ಅವಳ ಕಾಲು ಮುಟ್ಟಲು ಬಗ್ಗಿದಳು. "ಕ್ಷಮಿಸಿ ಅಜ್ಜಿ."

ಅಜ್ಜಿ ಕಾಲು ಹಿಂದೆ ತೆಗೆದುಕೊಂಡಳು.

"ಭರಣಿ ತೊಳಿ."

ನೀಲಗಂಗಾ ತೊಳೆದಳು. ಬಿಸಿನೀರು ಹಾಕಿದಳು, ಬೂದಿ ಹಾಕಿ ಉಜ್ಜಿದಳು, ಹುಲ್ಲು ಹೊತ್ತಿಸಿ ಹೊಗೆಯ ಮೇಲೆ ಬೋರಲು ಹಾಕಿದಳು. ಬಿಸಿಲಿಗಿಟ್ಟು ಸಂಜೆಗೆ ಮೂಸಿ ನೋಡಿದಳು.

"ವಾಸನೆ ಹೋಯಿತಾ?" ಅಜ್ಜಿ ಜಗಲಿಯಿಂದ ಕೇಳಿದಳು.

"ಇಲ್ಲ ಅಜ್ಜಿ."

ಮರುದಿನವೂ ತೊಳೆದಳು. ಅದರ ಮರುದಿನವೂ. ವಾಸನೆ ಮಣ್ಣಿಗೇ ಹಿಡಿದಿತ್ತು. ಅಜ್ಜಿ ಪ್ರತಿ ಸಂಜೆ ಕೇಳುವಳು, ನೀಲಗಂಗಾ ಪ್ರತಿ ಸಂಜೆ ಇಲ್ಲ ಅನ್ನುವಳು. ಆ ಇಲ್ಲ ಅನ್ನುವುದು ಅವಳಿಗೆ ಒಂದು ದಿನವೂ ಸುಲಭವಾಗಲಿಲ್ಲ.

ಹಬ್ಬಕ್ಕೆ ಆ ವರ್ಷ ಊರಿನ ಯಾವ ಮನೆಗೂ ಬಟ್ಟಲು ಹೋಗಲಿಲ್ಲ.

ಹೊಸ ಕಾಳಿನ ಚೀಲಗಳು ಬಂದು ಅಂಗಳದಲ್ಲಿ ಕೂತವು. ನೀಲಗಂಗಾ ಕಾಳು ಆರಿಸಲು ಕೂತಳು. ಅಜ್ಜಿ ಬಂದು ಅವಳ ಮುಂದಿನ ಮೊರವನ್ನು ಎತ್ತಿಕೊಂಡಳು.

"ನಿನ್ನ ವರ್ಷ ಮುಗಿಯಿತು. ನಾಳೆ ಬಸ್ಸಿದೆ."

"ನಾನು ಇರ್ತೀನಿ ಅಜ್ಜಿ. ಇನ್ನು ಮೇಲೆ ಇದ್ದದ್ದನ್ನ ಇದ್ದ ಹಾಗೇ ಹೇಳ್ತೀನಿ."

"ಹೇಳ್ತೀಯ. ಹೇಳುವಾಗೆಲ್ಲ ನಡುಗ್ತೀಯ. ನಾನು ನಿನ್ನ ನಡುಕ ನೋಡ್ತಾ ಕೂತಿರಬೇಕು."

ಬೆಳಿಗ್ಗೆ ಅಜ್ಜಿ ನದಿ ದಂಡೆಯ ಬಸ್ ನಿಲ್ದಾಣದವರೆಗೆ ಬಂದಳು. ಮಂಜು ಕವಿದಿತ್ತು. ಇಬ್ಬರೂ ಕಲ್ಲುಬೆಂಚಿನ ಮೇಲೆ ಕೂತರು. ಬಸ್ಸಿನ ದೀಪ ತಿರುವಿನಲ್ಲಿ ಕಂಡಾಗ ನೀಲಗಂಗಾ ಚೀಲ ಎತ್ತಿಕೊಂಡಳು.

"ಒಬ್ಬರೇ ಹೇಗೆ ಮಾಡ್ತೀರಿ ಅಜ್ಜಿ? ಮತ್ತೆ ಮೊದಲಿಂದ ಶುರು ಮಾಡಬೇಕು. ಯಾರಾದರೂ ಬೇಕೇ ಬೇಕಲ್ಲ."

"ಬೇಕು."

"ನಾನು ಹುಡುಕಿ ಕಳಿಸ್ತೀನಿ. ಆಸ್ಪತ್ರೆಯಲ್ಲಿ ನನ್ನ ಜೊತೆ ಇದ್ದವರಿದ್ದಾರೆ, ಬಹಳ ಒಳ್ಳೆಯವರು. ನಿಮ್ಮನ್ನ ತಾಯಿ ಹಾಗೆ ನೋಡಿಕೊಳ್ತಾರೆ."

ಬಸ್ಸು ಬಂದು ನಿಂತಿತು. ಬಾಗಿಲು ತೆರೆಯಿತು. ನೀಲಗಂಗಾ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದಳು.

"ಹೇಳಿ ಅಜ್ಜಿ, ಎಂಥವರನ್ನ ಕಳಿಸಲಿ?"

ಅಜ್ಜಿ ಅವಳ ಚೀಲವನ್ನು ಒಳಗೆ ತಳ್ಳಿದಳು.

"ನನ್ನ ಕಂಡರೆ ಆಗದವರನ್ನ ಕಳಿಸು."